ನಾಡತಳಿ ನಾಯಿ ಉಳಿಯಲು ಬೆರಕೆ ಬೇಕು

ಫೇರೋ ಹೌಂಡ್ ನಾಯಿಯ ನೆಟ್ಟ ಕಿವಿ, ಉದ್ದ ಮೂತಿ ನೋಡಿದವರು ಇದು ಪ್ರಾಚೀನ ಈಜಿಪ್ಟಿನದೇ ತಳಿ ಎಂದು ನಂಬಿದ್ದರು. 2004ರಲ್ಲಿ 85 ತಳಿಗಳ ಡಿಎನ್‌ಎ ಹೋಲಿಸಿ ನೋಡಿದಾಗ ಆ ನಂಬಿಕೆ ಬಿದ್ದುಹೋಯಿತು. ಅದು ಈಚಿನ ಕಾಲದಲ್ಲಿ ಬೇರೆ ತಳಿಗಳನ್ನು ಕೂಡಿಸಿ ಪಡೆದ ನಾಯಿ. ತೋಳಕ್ಕೆ ಹತ್ತಿರದ ಕವಲಿನಲ್ಲಿ ಕಾಣಿಸಿಕೊಂಡದ್ದು ಆಫ್ರಿಕಾದ ಬಸೆಂಜಿ, ಜಪಾನಿನ ಅಕಿಟಾ, ಚೀನಾದ ಚೌ ಚೌ, ಸೈಬೀರಿಯನ್ ಹಸ್ಕಿಯಂಥವು. ನೋಟದಲ್ಲಿ ಒಂದನ್ನೊಂದು ಹೋಲದ ಇವೆಲ್ಲ, ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ನಡೆದ ಭಾರೀ ಬೆರಕೆಯಿಂದ ದೂರ ಉಳಿದವು. ಇವುಗಳ ‘ಪ್ರಾಚೀನತೆ’ಯಲ್ಲಿ ಆ ದೂರದ ಪಾಲೂ ದೊಡ್ಡದು.

ರೂಪ ನೋಡಿ ನೆಂಟಸ್ತಿಕೆ ಹೇಳಲಾಗದು. ಡಾಕ್ಸ್‌ಹುಂಡ್, ಬ್ಯಾಸೆಟ್ ಹೌಂಡ್, ಕೊರ್ಗಿ ಮೂರರ ಗಿಡ್ಡ ಕಾಲಿಗೂ ಒಂದೇ ಜೀನಿನ ಹೆಚ್ಚುವರಿ ನಕಲು ಕಾರಣ. ಉಳಿದ ಸಾವಿರಾರು ಜೀನ್‌ಗಳು ಹೊರಗೆ ಕಾಣುವುದಿಲ್ಲ. ತಳಿಯ ನಿಜವಾದ ಆಸ್ತಿ ಇರುವುದು ಅಲ್ಲೇ. ಒಂದೊಂದು ಜೀನಿನಲ್ಲೂ ತಾಯಿಯಿಂದ ಬಂದ ಪ್ರತಿ ಮತ್ತು ತಂದೆಯಿಂದ ಬಂದ ಪ್ರತಿ ಬೇರೆಬೇರೆಯಾಗಿದ್ದರೆ, ಒಂದರಲ್ಲಿ ದೋಷವಿದ್ದರೂ ಸಾಮಾನ್ಯವಾಗಿ ಇನ್ನೊಂದು ಕೈಹಿಡಿಯುತ್ತದೆ. ಎರಡೂ ಒಂದೇ ಆದಾಗ ಆ ಆಸರೆ ಇಲ್ಲ.

ನಾರ್ವೆಯ ಲುಂಡೆಹುಂಡ್ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾಲಿಗೆ ಆರಾರು ಬೆರಳುಳ್ಳ ಈ ನಾಯಿ ಕಡಿದಾದ ಕಡಲಬಂಡೆ ಹತ್ತಿ, ಬಿಲದೊಳಗಿನ ಪಫಿನ್ ಹಕ್ಕಿಗಳನ್ನು ಹಿಡಿದು ತರುತ್ತಿತ್ತು. ಡಿಸ್ಟೆಂಪರ್ ರೋಗ ಮತ್ತೆಮತ್ತೆ ಬಡಿದು, 1960ರ ದಶಕದಲ್ಲಿ ಉಳಿದದ್ದು ಆರೇ ನಾಯಿಗಳು. ಅವುಗಳಲ್ಲಿ ಐದು ಒಂದೇ ತಾಯಿಯ ಮರಿಗಳು. ಶ್ರದ್ಧೆಯಿಂದ ಸಾಕಿದವರಿದ್ದರು, ಸಂಖ್ಯೆಯೂ ಏರಿತು. ಆದರೆ ಜೀನ್‌ಗಳಲ್ಲಿ ಈಗಿನ ಲುಂಡೆಹುಂಡ್‌ಗಳ ನಡುವೆ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ. ಕರುಳಿನಿಂದ ಪ್ರೋಟೀನ್ ಸೋರಿಹೋಗುವ ಕಾಯಿಲೆ ಅವುಗಳನ್ನು ಕಾಡುತ್ತದೆ, ಸಂತಾನವೂ ಕುಗ್ಗಿದೆ. ಕೊನೆಗೆ ನಾರ್ವೆಯವರು ಬುಹುಂಡ್ ಮೊದಲಾದ ನೆರೆಯ ತಳಿಗಳೊಂದಿಗೆ ಅದನ್ನು ಕೂಡಿಸುವ ಯೋಜನೆ ಕೈಗೊಂಡರು. ತಳಿ ಕೆಡುತ್ತದೆ ಎಂಬ ಆಕ್ಷೇಪ ಇಂಥ ಕೆಲಸಕ್ಕೆ ಸದಾ ಎದುರಾಗುತ್ತದೆ. ನನಗಂತೂ ಇದೇ ತಳಿರಕ್ಷಣೆ. ಮುಂದಿನ ಪೀಳಿಗೆಗಳನ್ನು ಮರಳಿ ಲುಂಡೆಹುಂಡ್‌ಗೇ ಕೂಡಿಸಿದರೆ ಅದರ ಗುಣಗಳನ್ನು ಉಳಿಸಿಕೊಳ್ಳಬಹುದು. ಕಳೆದುಹೋದ ವೈವಿಧ್ಯ ಮಾತ್ರ ತಾನಾಗಿ ಹುಟ್ಟಲು ಸಾವಿರಾರು ಪೀಳಿಗೆ ಬೇಕು.

ನ್ಯೂಗಿನಿಯ ‘ಹಾಡುವ ನಾಯಿ’ಗೆ ಅದೃಷ್ಟ ಸ್ವಲ್ಪ ಒಲಿದಿದೆ. ಮೃಗಾಲಯಗಳಲ್ಲೂ ಮನೆಗಳಲ್ಲೂ ಇರುವವು ಹಿಡಿದು ತಂದ ಕೆಲವೇ ನಾಯಿಗಳ ಸಂತತಿ, ಒಳಗೊಳಗೇ ಕೂಡಿ ಬಡವಾದವು. ಆ ದ್ವೀಪದ ಎತ್ತರದ ಬೆಟ್ಟಗಳಲ್ಲಿ ಸಿಕ್ಕ ಕಾಡುನಾಯಿಗಳ ಜೀನೋಮ್, ಅಂದರೆ ಇಡೀ ಡಿಎನ್‌ಎ, ಇವುಗಳದರೊಂದಿಗೆ ಸುಮಾರು 70% ಹೊಂದುತ್ತದೆ ಎಂದು 2020ರಲ್ಲಿ ತಿಳಿಯಿತು. ಸೆರೆಯಲ್ಲಿ ಕಳೆದುಹೋದ ಜೀನ್ ರೂಪಗಳು ಆ ಬೆಟ್ಟದ ನಾಯಿಗಳಲ್ಲಿ ಇನ್ನೂ ಇರಬಹುದು. ಎರಡನ್ನೂ ಕೂಡಿಸಿ ಮರಿ ಪಡೆಯುವ ದಾರಿ ಈಗ ಸಂಶೋಧಕರ ಮುಂದಿದೆ.