ಸರ್ವರ್ ನೆಟ್‌ವರ್ಕ್ ಕಾರ್ಡ್ ಲಿಂಕ್ ಹಿಡಿಯದಿದ್ದರೆ: ಎಲ್ಲಿಂದ ಶುರು ಮಾಡಬೇಕು?

ಪುಣೆಗೆ ಬಂದು ಹಿಂಜವಡಿಯಲ್ಲಿ ಸಪೋರ್ಟ್ ಕೆಲಸ ಹುಡುಕುತ್ತಿರುವ ನಮ್ಮ ವಿಜಯಪುರ, ಕಲಬುರಗಿ ಕಡೆಯ ಗೆಳೆಯರಿಗೆ ಈ ಟಿಪ್ಪಣಿ. ಇಂಟರ್‌ವ್ಯೂನಲ್ಲಿ "ಸರ್ವರ್ ಪಿಂಗ್ ಆಗ್ತಿಲ್ಲ, ಏನು ಮಾಡ್ತೀರಿ?" ಅಂತ ಕೇಳಿದರೆ ಜಾಸ್ತಿ ಜನ ಥಟ್ಟನೆ ಐಪಿ ವಿಳಾಸ, ಗೇಟ್‌ವೇ, ಫೈರ್‌ವಾಲ್ ಅಂತ ಶುರು ಮಾಡುತ್ತಾರೆ. ಅದೆಲ್ಲ ಆಮೇಲೆ. ಕಾರ್ಡಿಗೂ ಸ್ವಿಚ್ಚಿಗೂ ತಂತಿಯಲ್ಲಿ ಮಾತುಕತೆ ಆಗುತ್ತಿದೆಯಾ, ಅದನ್ನು ಮೊದಲು ನೋಡಿ.

ನೆಟ್‌ವರ್ಕೇ ಇಲ್ಲದಾಗ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್) ಆಗದು. ಸರ್ವರ್ ಒಳಗೇ ಇರುವ ಪ್ರತ್ಯೇಕ ನಿರ್ವಹಣಾ ಚಿಪ್, ಅಂದರೆ ಡೆಲ್‌ನಲ್ಲಿ ಐಡ್ರಾಕ್, ಎಚ್‌ಪಿಇಯಲ್ಲಿ (ಹಿಂದಿನ ಎಚ್‌ಪಿ) ಐಎಲ್‌ಓ ಮೂಲಕ ಕನ್ಸೋಲ್ (ಸರ್ವರಿನ ಸ್ಕ್ರೀನ್, ಕೀಬೋರ್ಡ್) ಹಿಡಿಯಿರಿ. ಲಿನಕ್ಸ್ ಆದರೆ 'ಐಪಿ ಲಿಂಕ್' ಕಮಾಂಡ್ ಕೊಡಿ. ಬ್ರ್ಯಾಕೆಟ್ ನಡುವೆ ಬರುವ ಪದಗಳಲ್ಲೇ ಅರ್ಧ ಉತ್ತರ ಇರುತ್ತದೆ. 'ಅಪ್' ಅಂದರೆ ಆ ಪೋರ್ಟನ್ನು ಚಾಲೂ ಮಾಡಿಟ್ಟಿದ್ದಾರೆ, ಅಷ್ಟೇ. ಎದುರಿನಿಂದ ಸಿಗ್ನಲ್ ಬರುತ್ತಿದ್ದರೆ 'ಲೋಯರ್ ಅಪ್' ಕಾಣುತ್ತದೆ, ಬರದಿದ್ದರೆ 'ನೋ ಕ್ಯಾರಿಯರ್'. ಬರೀ 'ಅಪ್' ನೋಡಿ ಎಲ್ಲ ಸರಿ ಇದೆ ಅಂದುಕೊಂಡರೆ ಕೆಟ್ಟಿರಿ. ಹಾಗೆಯೇ 'ಅಪ್' ಇಲ್ಲದ ಪೋರ್ಟಿನಲ್ಲಿ ಕೇಬಲ್ ಪರೀಕ್ಷೆ ಮಾಡಿ ಉಪಯೋಗವಿಲ್ಲ. ಮೊದಲು ಅದನ್ನು ಚಾಲೂ ಮಾಡಬೇಕು.

ಆ ಪಟ್ಟಿಯಲ್ಲಿ ಇಂಟರ್‌ಫೇಸೇ (ಲಿನಕ್ಸ್‌ಗೆ ಕಾಣುವ ಪೋರ್ಟ್) ಕಾಣದಿದ್ದರೆ, ಯಂತ್ರದಲ್ಲಿರುವ ಕಾರ್ಡ್‌ಗಳನ್ನು ಪಟ್ಟಿ ಮಾಡುವ 'ಎಲ್‌ಎಸ್‌ಪಿಸಿಐ' ನೋಡಿ. ಕಾರ್ಡ್ ಅಲ್ಲಿದ್ದೂ ಇಂಟರ್‌ಫೇಸ್ ಇಲ್ಲ ಅಂದರೆ ಡ್ರೈವರ್ ಅಥವಾ ಫರ್ಮ್‌ವೇರ್ ಸಮಸ್ಯೆ, ಕರ್ನಲ್ ಸಂದೇಶ ತೋರಿಸುವ 'ಡಿಮೆಸೇಜ್' (dmesg) ಕಮಾಂಡ್ ಅದನ್ನು ಹೇಳುತ್ತದೆ. ಇನ್ನೊಂದು ತರಲೆ: ಹೊಸ ಪಿಸಿಐ ಕಾರ್ಡ್ ಹಾಕಿದ ಮೇಲೆ ಇಂಟರ್‌ಫೇಸ್ ಹೆಸರು ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗಿಬಿಡಬಹುದು. ಆ ಹೆಸರಿನಲ್ಲಿರುವ 3 ಪಿಸಿಐ ಬಸ್ ನಂಬರ್, ಅದು ಬದಲಾಗುತ್ತದೆ. ಕಾನ್ಫಿಗ್ ಫೈಲ್ ಮಾತ್ರ ಹಳೇ ಹೆಸರನ್ನೇ ಹಿಡಿದು ಕೂತಿರುತ್ತದೆ. ಮ್ಯಾಕ್ ವಿಳಾಸ (ಕಾರ್ಡಿನದೇ ಗುರುತಿನ ಸಂಖ್ಯೆ) ತಾಳೆ ನೋಡಿದರೆ ಗೊತ್ತಾಗುತ್ತದೆ.

ಈಗ ಕೇಬಲ್. 'ಈಥ್‌ಟೂಲ್' ಕಮಾಂಡಿಗೆ ಇಂಟರ್‌ಫೇಸ್ ಹೆಸರು ಕೊಟ್ಟು ಸ್ಪೀಡ್ ಸಾಲು ಓದಿ. ಗಿಗಾಬಿಟ್ ಕಾರ್ಡ್, ಗಿಗಾಬಿಟ್ ಸ್ವಿಚ್ ಇದ್ದೂ 100 ಅಂತ ತೋರಿಸಿದರೆ ಮೊದಲ ಅನುಮಾನ ತಂತಿಯ ಮೇಲೆ. ಕ್ಯಾಟ್ 5ಇ ಕೇಬಲ್‌ನಲ್ಲಿ 8 ತಂತಿ, ಅಂದರೆ 4 ಜೋಡಿ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್‌ಗಳ ಎರಡು ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಬೇಕು. ತಮಾಷೆ ಏನೆಂದರೆ, ಯಾವ ವೇಗದಲ್ಲಿ ಮಾತಾಡೋಣ ಎಂಬ ಒಪ್ಪಂದ ನಡೆಯುವುದು ಆ ಮೊದಲ ಎರಡು ಜೋಡಿಗಳ ಮೇಲೇ. ಹಾಗಾಗಿ ಕಂದು ಜೋಡಿ ತುಂಡಾಗಿದ್ದರೂ ಎರಡೂ ಕಡೆಯವರು 1000ಕ್ಕೆ ಒಪ್ಪಿಕೊಳ್ಳುತ್ತಾರೆ. ಆಮೇಲೆ ಲಿಂಕ್ ಕೂಡುವುದಿಲ್ಲ, ಮತ್ತೆ ಮೊದಲಿನಿಂದ ಶುರು. ಕೆಲವು ಕಾರ್ಡ್‌ಗಳು ಸೋತು 100ಕ್ಕೆ ಇಳಿಯುತ್ತವೆ. ಇಳಿಯಲು ಬಾರದವು ಸುಮ್ನೆ 'ನೋ ಕ್ಯಾರಿಯರ್' ಅಂತಲೇ ಇರುತ್ತವೆ.

ಇದನ್ನು ಬೇಕಂತಲೇ ಮಾಡಿ ನೋಡಿ. ಪುಣೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ತಪ್ಕೀರ್ ಗಲ್ಲಿಯಲ್ಲಿ ಕೇಬಲ್, ಕನೆಕ್ಟರ್ ಎರಡೂ ಸಿಗುತ್ತವೆ. 7, 8ನೇ ತಂತಿ, ಅಂದರೆ ಕಂದು ಜೋಡಿ, ಕತ್ತರಿಸಿ, ಕನೆಕ್ಟರ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ) ಸಿಕ್ಕಿಸಿ. 100ಕ್ಕೆ ಇಳಿಯುವ ಕಾರ್ಡ್ ಆದರೆ ಪೋರ್ಟಿನ ಲೈಟ್ ಹತ್ತುತ್ತದೆ, ಪಿಂಗೂ ಹೋಗುತ್ತದೆ. ಲೈಟ್ ನೋಡಿ ನಂಬುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

'ಈಥ್‌ಟೂಲ್' ತೋರಿಸುವ ಡ್ಯೂಪ್ಲೆಕ್ಸ್ ಸಾಲನ್ನೂ ಬಿಡಬೇಡಿ. ಫುಲ್ ಅಂದರೆ ಎರಡೂ ಕಡೆ ಒಟ್ಟಿಗೇ ಕಳಿಸಬಹುದು, ಹಾಫ್ ಅಂದರೆ ಸರದಿಯಲ್ಲಿ ಮಾತ್ರ. ಸ್ವಿಚ್ಚಿನಲ್ಲಿ ಯಾರೋ 100 ಫುಲ್ ಅಂತ ಕಟ್ಟಿಹಾಕಿ, ಸರ್ವರ್ ಆಟೋದಲ್ಲೇ ಇದ್ದರೆ ಸರ್ವರ್ ವೇಗವನ್ನು ಸರಿಯಾಗಿ ಊಹಿಸುತ್ತದೆ, ಆದರೆ ಹಾಫ್ ಡ್ಯೂಪ್ಲೆಕ್ಸ್‌ಗೆ ಹೋಗುತ್ತದೆ. ಪಿಂಗ್ ಚೆನ್ನಾಗಿರುತ್ತದೆ, ದೊಡ್ಡ ಫೈಲ್ ಕಾಪಿ ಮಾತ್ರ ತೆವಳುತ್ತದೆ. ಎರಡೂ ಕಡೆ ಆಟೋ ಇಡಿ.

ಸರ್ವರ್ ದೂರದ ಡೇಟಾ ಸೆಂಟರಿನಲ್ಲಿದ್ದರೆ, 'ಈಥ್‌ಟೂಲ್' ಜೊತೆ 'ಮೈನಸ್ ಪಿ' ಕೊಟ್ಟರೆ ಆ ಪೋರ್ಟಿನ ಲೈಟ್ ಮಿಣುಕುತ್ತದೆ. ಅಲ್ಲಿರುವವರಿಗೆ ಫೋನಿನಲ್ಲಿ "ಕುಠಲೀ ಲೈಟ್ ಲುಕ್‌ಲುಕ್‌ತೇಯ್?" (ಯಾವ ಲೈಟ್ ಮಿಣುಕುತ್ತಿದೆ?) ಅಂತ ಕೇಳುವಷ್ಟು ಮರಾಠಿ ಬಂದರೂ ಸಾಕು, ತಪ್ಪು ಕೇಬಲ್ ಕೀಳುವುದು ತಪ್ಪುತ್ತದೆ.

ಲಿಂಕ್, ಸ್ಪೀಡ್, ಡ್ಯೂಪ್ಲೆಕ್ಸ್ ಎಲ್ಲ ಸರಿ ಇದ್ದೂ ಗೇಟ್‌ವೇ ಸಿಗುತ್ತಿಲ್ಲವಾ? 'ಐಪಿ ನೇಬರ್' ಕೊಡಿ. ಗೇಟ್‌ವೇ ಎದುರು 'ಫೇಲ್ಡ್' ಅಂತಿದ್ದರೆ ಎಆರ್‌ಪಿಗೆ ("ಈ ಐಪಿ ಯಾರದು, ಮ್ಯಾಕ್ ವಿಳಾಸ ಹೇಳಿ" ಎಂಬ ಪ್ರಶ್ನೆಗೆ) ಉತ್ತರ ಬಂದಿಲ್ಲ. ನಿಮ್ಮ ಐಪಿ, ಸಬ್‌ನೆಟ್ ಸರಿಯಿದ್ದರೆ ಸ್ವಿಚ್ ಪೋರ್ಟ್ ಬೇರೆ ವಿಲ್ಯಾನ್‌ನಲ್ಲಿರುವ (ಸ್ವಿಚ್ಚಿನಲ್ಲೇ ಬೇರೆ ಮಾಡಿಟ್ಟ ನೆಟ್‌ವರ್ಕ್) ಸಾಧ್ಯತೆ ಹೆಚ್ಚು. ಅದು ಸ್ವಿಚ್ ನೋಡಿಕೊಳ್ಳುವವರ ಕೆಲಸ. ಟಿಕೆಟ್ ಹಾಕುವಾಗ ಸ್ವಿಚ್ ಪೋರ್ಟ್ ನಂಬರ್, ಮ್ಯಾಕ್ ವಿಳಾಸ, ಬೇಕಾದ ವಿಲ್ಯಾನ್ ಮೂರನ್ನೂ ಬರೆಯಿರಿ. ಇಲ್ಲದಿದ್ದರೆ "ನಮ್ಮ ಕಡೆ ಎಲ್ಲ ಸರಿ ಇದೆ" ಅಂತ ವಾಪಸ್ ಬರುತ್ತದೆ.