ಅಳಿಸಿದ ಫೈಲ್ ಯಾವ ಡ್ರೈವಿನಲ್ಲಿತ್ತು, ಮೊದಲು ಅದನ್ನು ನೋಡಿ

ಬೇಕಾದ ಫೈಲ್ ಅಳಿಸಿಹೋಗಿದೆ ಎಂದು ಗೊತ್ತಾದ ಕೂಡಲೇ ಹೆಚ್ಚಿನವರು ಬ್ರೌಸರ್ ತೆರೆಯುತ್ತಾರೆ. ‘ಫ್ರೀ ರಿಕವರಿ ಸಾಫ್ಟ್‌ವೇರ್’ ಎಂದು ಹುಡುಕಿ, ಮೊದಲು ಕಂಡದ್ದನ್ನು ಡೌನ್‌ಲೋಡ್ ಮಾಡಿ, ಅದೇ ಸಿ ಡ್ರೈವಿಗೆ ಇನ್‌ಸ್ಟಾಲ್ ಮಾಡುತ್ತಾರೆ. ಅಳಿಸಿದ ಮೇಲೂ ಉಳಿದಿದ್ದ ಫೈಲ್ ಎಷ್ಟೋ ಸಲ ಹೋಗುವುದು ಈ ಅವಸರದಲ್ಲಿ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಪ್ರಶ್ನೆ ಆಮೇಲೆ ಇರಲಿ. ಫೈಲ್ ಇದ್ದದ್ದು ಹಾರ್ಡ್ ಡಿಸ್ಕಿನಲ್ಲೋ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲೋ, ಪೆನ್‌ಡ್ರೈವಿನಲ್ಲೋ ಎಂಬುದು ತಿಳಿಯದೆ ಏನು ಮಾಡಿದರೂ ಕತ್ತಲಲ್ಲಿ ತಡಕಾಡಿದ ಹಾಗೆಯೇ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋದರೆ ಪ್ರತಿ ಡಿಸ್ಕಿನ ಕೆಳಗೆ ಎಚ್‌ಡಿಡಿ (ಅಂದರೆ ಹಾರ್ಡ್ ಡಿಸ್ಕ್) ಅಥವಾ ಎಸ್‌ಎಸ್‌ಡಿ ಎಂದು ಬರೆದಿರುತ್ತದೆ.

ಇನ್ನೂ ಮುಂಚೆ ನೋಡಬೇಕಾದದ್ದು, ಫೈಲ್ ನಿಜಕ್ಕೂ ಅಳಿಸಿದೆಯೇ ಎಂದು. ಮೌಸ್ ಜಾರಿ ಪಕ್ಕದ ಫೋಲ್ಡರಿನೊಳಗೆ ಬಿದ್ದ ಫೈಲನ್ನು ‘ಡಿಲೀಟ್ ಆಯ್ತು’ ಎಂದುಕೊಂಡು ಗಾಬರಿಯಾಗುವವರು ಬಹಳ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿದರೆ ಅಲ್ಲಿ ಕೊನೆಗೆ ಮಾಡಿದ ಕೆಲಸ ರದ್ದಾಗುತ್ತದೆ. ಫೈಲ್ ಬೇರೆ ಕಡೆ ಹೋಗಿದ್ದರೆ ವಾಪಸ್ ಬರುತ್ತದೆ, ರೀಸೈಕಲ್ ಬಿನ್‌ಗೆ ಬಿದ್ದಿದ್ದರೂ ಬರುತ್ತದೆ. ವರ್ಡ್‌ನ ರೀಸೆಂಟ್ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ. ಫೈಲ್ ಕೊನೆಯ ಸಲ ಯಾವ ಫೋಲ್ಡರಿನಿಂದ ತೆರೆದಿತ್ತು ಎಂಬುದು ಅಲ್ಲಿ ಉಳಿದಿರುತ್ತದೆ. ಇಮೇಲಿನಿಂದ ನೇರವಾಗಿ ತೆರೆದು ತಿದ್ದಿದ ಫೈಲಾಗಿದ್ದರೆ ಅದು ಯಾವುದೋ ಟೆಂಪ್ ಫೋಲ್ಡರಿನಲ್ಲಿ ಕೂತಿರುತ್ತದೆ, ನೀವು ಡಾಕ್ಯುಮೆಂಟ್ಸ್ ಜಾಲಾಡುತ್ತಿರುತ್ತೀರಿ.

ರೀಸೈಕಲ್ ಬಿನ್ ತೆರೆದರೆ ‘ಡೇಟ್ ಡಿಲೀಟೆಡ್’ ಕಾಲಂ ಪ್ರಕಾರ ಜೋಡಿಸಿ ನೋಡಿ. ಹೆಸರಿನಿಂದ ಹುಡುಕಿ ಸೋತವರಿಗೆ ತಾರೀಖಿನಿಂದ ಸಿಗುತ್ತದೆ. ಆದರೆ ಎಲ್ಲವೂ ಅಲ್ಲಿಗೆ ಹೋಗುವುದಿಲ್ಲ. ಶಿಫ್ಟ್ ಒತ್ತಿ ಅಳಿಸಿದ್ದು, ಪೆನ್‌ಡ್ರೈವಿನಿಂದ ಅಳಿಸಿದ್ದು, ಆಫೀಸಿನ ನೆಟ್‌ವರ್ಕ್ ಫೋಲ್ಡರಿನಿಂದ ಅಳಿಸಿದ್ದು, ಬಿನ್‌ಗೆ ನಿಗದಿ ಮಾಡಿದ ಗಾತ್ರಕ್ಕಿಂತ ದೊಡ್ಡದು, ಇವೆಲ್ಲ ನೇರವಾಗಿ ಹೋಗುತ್ತವೆ. ತಾನಾಗಿಯೇ ಜಾಗ ಖಾಲಿ ಮಾಡುವ ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಚಾಲೂ ಇದ್ದರೆ, ಬಿನ್‌ನಲ್ಲಿ 30 ದಿನ ಕಳೆದದ್ದನ್ನು ಅದೇ ತೆಗೆದುಹಾಕುವಂತೆ ಹೊಂದಿಸಿರುವುದೂ ಉಂಟು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಸಂಗತಿ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಅವರಿಗೆ ಅರಿವಿಲ್ಲದೆಯೇ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ ಸೇರಿರಬಹುದು. ಹಾಗಿದ್ದರೆ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಆದರೂ ಒನ್‌ಡ್ರೈವ್‌ನ ಜಾಲತಾಣಕ್ಕೆ ಬ್ರೌಸರಿನಲ್ಲಿ ಹೋದರೆ ಅಲ್ಲಿಯೂ ಒಂದು ರೀಸೈಕಲ್ ಬಿನ್ ಇದೆ. ವೈಯಕ್ತಿಕ ಖಾತೆಯಲ್ಲಿ 30 ದಿನ ಇಡುತ್ತದೆ, ಆಫೀಸು ಅಥವಾ ಕಾಲೇಜಿನ ಖಾತೆಯಲ್ಲಿ ಸಾಮಾನ್ಯವಾಗಿ 93 ದಿನ. ಗೂಗಲ್ ಡ್ರೈವ್‌ನ ಟ್ರ್ಯಾಶ್ ಕೂಡ 30 ದಿನದ್ದೇ. ಇದನ್ನು ನೋಡಲು ಅಳಿಸಿದ ಕಂಪ್ಯೂಟರ್ ಬೇಕಿಲ್ಲ. ಅದನ್ನು ಆಫ್ ಮಾಡಿಟ್ಟು ಮೊಬೈಲಿನಲ್ಲಿ ನೋಡಿ.

ಇಲ್ಲೆಲ್ಲ ಸಿಗಲಿಲ್ಲ, ಫೈಲ್ ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ ಎಂದಿಟ್ಟುಕೊಳ್ಳಿ. ಆಶೆ ಇರುವುದು ಇಲ್ಲೇ ಹೆಚ್ಚು. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಮಾಸ್ಟರ್ ಫೈಲ್ ಟೇಬಲ್ ಎಂಬ ದೊಡ್ಡ ಪಟ್ಟಿ ಇರುತ್ತದೆ. ಪ್ರತಿ ಫೈಲಿಗೂ ಅದರಲ್ಲಿ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ: ಹೆಸರು, ತಾರೀಖು, ಮಾಹಿತಿ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ವಿವರ. ಫೈಲ್ ಅಳಿಸಿದಾಗ ವಿಂಡೋಸ್ ಆ ದಾಖಲೆಗೆ ‘ಬಳಕೆಯಲ್ಲಿಲ್ಲ’ ಎಂಬ ಗುರುತು ಹಾಕಿ, ಫೈಲ್ ಕೂತಿದ್ದ ಜಾಗವನ್ನು ಖಾಲಿ ಎಂದು ಬರೆದುಕೊಳ್ಳುತ್ತದೆ. ಅಷ್ಟೇ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದ ಬೆಳೆ ಮಾಯವಾಗುವುದಿಲ್ಲವಲ್ಲ. ಇನ್ನೊಬ್ಬರು ಬಂದು ಉಳುವವರೆಗೆ ಅದು ಅಲ್ಲೇ ಇರುತ್ತದೆ.

ಈ ಉಳುಮೆಯೇ ತೊಂದರೆ. ಬ್ರೌಸರ್ ತೆರೆದರೆ ಅದು ತನ್ನ ತಾತ್ಕಾಲಿಕ ಫೈಲುಗಳನ್ನು (ಕ್ಯಾಶ್) ಬರೆಯುತ್ತದೆ. ಸುಮ್ಮನೆ ಬಿಟ್ಟರೂ ಆ್ಯಂಟಿವೈರಸ್ ತನ್ನ ಫೈಲುಗಳನ್ನು ಇಳಿಸಿಕೊಳ್ಳುತ್ತದೆ, ವಿಂಡೋಸ್ ಅಪ್‌ಡೇಟ್ ಹಿಂದಿನಿಂದ ಜಿಬಿಗಟ್ಟಲೆ ತರುತ್ತದೆ. ಸಿ ಡ್ರೈವಿನಿಂದ ಅಳಿಸಿದ್ದಾದರೆ ಕಂಪ್ಯೂಟರನ್ನು ತಕ್ಷಣ ಆಫ್ ಮಾಡಿ. ಆಗ ಪರದೆಯಲ್ಲಿ ‘ಅಪ್‌ಡೇಟ್ ಆ್ಯಂಡ್ ಶಟ್ ಡೌನ್’ ಎಂದು ಕಂಡರೆ ಅದನ್ನು ಒತ್ತಬೇಡಿ. ಬರಿಯ ಶಟ್ ಡೌನ್ ಆರಿಸಿ. ಡಿ ಡ್ರೈವ್ ಬೇರೆ ಪಾರ್ಟಿಷನ್ ಆಗಿದ್ದು ಫೈಲ್ ಅಲ್ಲಿಂದ ಹೋಗಿದ್ದರೆ ಇಷ್ಟು ಅವಸರವಿಲ್ಲ. ಅಲ್ಲಿಗೆ ಹೊಸದಾಗಿ ಏನನ್ನೂ ಬರೆಯದಿದ್ದರೆ ಸಾಕು.

ಸಿ ಡ್ರೈವಿನ ವಿಷಯದಲ್ಲಿ ಸರಿಯಾದ ಕ್ರಮ ಎಂದರೆ, ಡಿಸ್ಕನ್ನು ಹೊರತೆಗೆದು ಸಾಟಾದಿಂದ (ಡಿಸ್ಕಿನ ಕೊಂಡಿ) ಯುಎಸ್‌ಬಿಗೆ ಜೋಡಿಸುವ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಹಾಕುವುದು. ಅಥವಾ ಸಿಸ್ಟಮ್‌ರೆಸ್ಕ್ಯೂ ಎಂಬ, ವಿಂಡೋಸ್ ಬದಲು ಓಡುವ ಲಿನಕ್ಸನ್ನು ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡುವುದು. ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಎರಡು ರಿಕವರಿ ಉಪಕರಣಗಳೂ ಅದರಲ್ಲೇ ಬರುತ್ತವೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಎರಡೂ ದಾರಿಯಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಇದು ತಾನಾಗಿಯೇ ಚಾಲೂ ಆಗಿರುವುದು ಸಾಮಾನ್ಯ, ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಸ್ಕ್ರೂ ಬಿಚ್ಚುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ. ಡಿಸ್ಕನ್ನು ಜೋಡಿಸಿದಾಗ ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ. ಆ ಸ್ಕ್ಯಾನ್ ನಡೆಸುವ ಚೆಕ್‌ಡಿಸ್ಕ್ ಫೈಲ್ ವ್ಯವಸ್ಥೆಯನ್ನು ನೆಟ್ಟಗೆ ಮಾಡುವ ಉಪಕರಣ. ಅಳಿಸಿದ ಫೈಲಿನ ಬಗ್ಗೆ ಅದಕ್ಕೆ ಕಾಳಜಿಯಿಲ್ಲ.

ಉಪಕರಣಗಳಲ್ಲಿ ಎರಡು ಬಗೆ. ಒಂದು, ಹಳೆಯ ದಾಖಲೆಯನ್ನು ಓದಿ ಫೈಲನ್ನು ಹೆಸರು ಸಮೇತ ತರುವಂಥದ್ದು. ರೆಕುವಾ ಎಂಬ ಸಾಫ್ಟ್‌ವೇರ್ ಇದನ್ನೇ ಮಾಡುತ್ತದೆ. ಮೈಕ್ರೋಸಾಫ್ಟ್ 2020ರಲ್ಲಿ ಬಿಟ್ಟ ವಿಂಡೋಸ್ ಫೈಲ್ ರಿಕವರಿಯೂ ಅಷ್ಟೇ. ಇದಕ್ಕೆ ಬಟನ್‌ಗಳಿಲ್ಲ, ಕಮಾಂಡ್ ಟೈಪ್ ಮಾಡಬೇಕು: ಫೈಲ್ ಕಳೆದ ಡ್ರೈವ್, ಸಿಕ್ಕಿದ್ದನ್ನು ಉಳಿಸುವ ಡ್ರೈವ್, ಆಮೇಲೆ ಹುಡುಕುವ ಬಗೆ, ಕೊನೆಗೆ ಫೋಲ್ಡರಿನ ದಾರಿ. ಎರಡೂ ಡ್ರೈವ್ ಒಂದೇ ಆದರೆ ಅದು ಕೆಲಸವನ್ನೇ ಮಾಡುವುದಿಲ್ಲ, ಒಳ್ಳೆಯದೇ. ಎನ್‌ಟಿಎಫ್‌ಎಸ್‌ನಲ್ಲಿ ಈಚೆಗೆ ಅಳಿಸಿದ್ದಕ್ಕೆ ರೆಗ್ಯುಲರ್ ಎಂಬ ಬಗೆ ಸಾಕು. ಅಳಿಸಿ ಬಹಳ ದಿನವಾಗಿದ್ದರೆ, ಫಾರ್ಮ್ಯಾಟ್ ಆಗಿದ್ದರೆ, ಅಥವಾ ಪೆನ್‌ಡ್ರೈವ್ ಆಗಿದ್ದರೆ ಎಕ್ಸ್‌ಟೆನ್ಸಿವ್. ದಾರಿ ಕೊಡದೆ ಇಡೀ ಡ್ರೈವ್ ಹುಡುಕಿಸಿದರೆ ಬೇಡದ ಸಾವಿರಾರು ಫೈಲುಗಳ ಮಧ್ಯೆ ಬೇಕಾದದ್ದು ಮುಳುಗಿಹೋಗುತ್ತದೆ.

ಇನ್ನೊಂದು ಬಗೆ ಫೋಟೋರೆಕ್‌ನದು. ಇದು ಪಟ್ಟಿಯ ಕಡೆ ನೋಡುವುದೇ ಇಲ್ಲ. ಡಿಸ್ಕನ್ನು ಉದ್ದಕ್ಕೂ ಓದುತ್ತಾ ಫೈಲಿನ ಆರಂಭದ ಗುರುತನ್ನು ಹುಡುಕುತ್ತದೆ. ಪಿಡಿಎಫ್, ಜೆಪೆಗ್, ಹಳೆಯ ಡಾಕ್, ಪ್ರತಿಯೊಂದಕ್ಕೂ ಅದರದೇ ಆರಂಭವಿದೆ. ಫೈಲಿನ ಹಳೆಯ ಹೆಸರು ಉಳಿಯುವುದಿಲ್ಲ, ಅಂಕಿಗಳೇ ಹೆಸರು. ತುಂಡುತುಂಡಾಗಿ ಬೇರೆ ಬೇರೆ ಕಡೆ ಕೂತಿದ್ದ ಫೈಲ್ ಅರ್ಧಕ್ಕೇ ನಿಂತು ಕೆಟ್ಟು ಬರುತ್ತದೆ. ಆದರೆ ವರ್ಡ್ ಬಳಸುವವರಿಗೆ ಇದರಲ್ಲಿ ಒಂದು ಲಾಭವಿದೆ. ವರ್ಡ್ ಸೇವ್ ಮಾಡುವಾಗ ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ; ಹೊಸದೊಂದು ತಾತ್ಕಾಲಿಕ ಫೈಲಿಗೆ ಬರೆದು, ಹೆಸರು ಬದಲಿಸಿ, ಹಳೆಯದನ್ನು ಅಳಿಸುತ್ತದೆ. ಹಾಗಾಗಿ ತಿಂಗಳುಗಟ್ಟಲೆ ತಿದ್ದಿದ ಪ್ರಬಂಧದ ಹಳೆಯ ಪ್ರತಿಗಳು ಖಾಲಿ ಜಾಗದಲ್ಲಿ ಹರಡಿರುತ್ತವೆ. ಕೊನೆಯ ಪ್ರತಿ ಹಾಳಾಗಿದ್ದರೂ ಹಿಂದಿನ ವಾರದ್ದು ಸಿಗುವ ಸಂಭವ ಇದೆ. ಬಂದ ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ, ನಿಮ್ಮ ಫೈಲಿನ ಅಂದಾಜು ಗಾತ್ರದ ಆಸುಪಾಸಿನವನ್ನು ಮೊದಲು ತೆರೆಯಿರಿ.

ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಮೇಲೆ ಹೇಳಿದ ಯಾವುದನ್ನೂ ಮಾಡಬೇಡಿ. ಕರೆಂಟ್ ಕೊಡುವುದನ್ನೇ ನಿಲ್ಲಿಸಿ, ಪ್ರಯೋಗಾಲಯ ಇರುವವರಿಗೆ ಕೊಡಿ. ಸದ್ದಿಲ್ಲ, ಆದರೆ ಓದುವುದು ವಿಪರೀತ ನಿಧಾನ ಎಂದಾದರೆ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕಿನ ಪ್ರತಿ ತೆಗೆದು, ಹುಡುಕಾಟವನ್ನು ಆ ಪ್ರತಿಯ ಮೇಲೆ ನಡೆಸಬೇಕು.

ಎಸ್‌ಎಸ್‌ಡಿಯ ಮಾತು ಬೇರೆ. ಇಲ್ಲಿ ಜಾಹೀರಾತುಗಳು ಹೇಳುವುದನ್ನು ನಂಬಬೇಡಿ. ವಿಂಡೋಸ್ 7ರಿಂದ ಈಚೆಗೆ, ಫೈಲ್ ಅಳಿಸಿದ ಕೂಡಲೇ ‘ಈ ಜಾಗ ಇನ್ನು ಬೇಕಿಲ್ಲ’ ಎಂದು ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ಆಮೇಲೆ ಆ ಜಾಗವನ್ನು ಓದಿದರೆ ಸಾಮಾನ್ಯವಾಗಿ ಸಿಗುವುದು ಬರಿ ಸೊನ್ನೆ. ಎಸ್‌ಎಸ್‌ಡಿಯ ಒಳಗಿನ ಕಂಟ್ರೋಲರ್ ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೂ ಒರೆಸುತ್ತದೆ. ಅದಕ್ಕೆ ನೀವು ಏನೂ ಬರೆಯಬೇಕಾಗಿಲ್ಲ, ಕರೆಂಟ್ ಇದ್ದರೆ ಸಾಕು. ವಿಚಿತ್ರ ಏನೆಂದರೆ ಮಾಸ್ಟರ್ ಫೈಲ್ ಟೇಬಲ್‌ನ ದಾಖಲೆ ಹಾಗೇ ಉಳಿದಿರುತ್ತದೆ. ಸಾಫ್ಟ್‌ವೇರ್ ಅದನ್ನು ಓದಿ, ಹೆಸರು ಸರಿ, ಗಾತ್ರ ಸರಿ, ಸ್ಥಿತಿ ‘ಎಕ್ಸಲೆಂಟ್’ ಎಂದು ಹಸಿರು ಚುಕ್ಕಿ ತೋರಿಸುತ್ತದೆ. ದುಡ್ಡು ಕೊಟ್ಟು ಪೂರ್ತಿ ಆವೃತ್ತಿ ಕೊಂಡು ಫೈಲ್ ಹೊರತೆಗೆದರೆ ಅದು ತೆರೆಯುವುದಿಲ್ಲ. ಫೈಲಿನ ಬೈಟುಗಳನ್ನು ಹಾಗೇ ತೋರಿಸುವ, ಎಚ್‌ಎಕ್ಸ್‌ಡಿಯಂಥ ಹೆಕ್ಸ್ ಎಡಿಟರಿನಲ್ಲಿ ನೋಡಿದರೆ ಮೊದಲಿನಿಂದ ಕೊನೆಯವರೆಗೆ ಸೊನ್ನೆಗಳ ಸಾಲು. ದುಡ್ಡು ಕೊಡುವ ಮೊದಲು ಉಚಿತ ಆವೃತ್ತಿಯಲ್ಲೇ ಪ್ರಿವ್ಯೂ ನೋಡಿ. ಪ್ರಿವ್ಯೂನಲ್ಲಿ ಅಕ್ಷರ ಕಾಣದಿದ್ದರೆ ಕೊಳ್ಳಬೇಡಿ.

ಎಸ್‌ಎಸ್‌ಡಿಯಲ್ಲಿ ಕಳೆದದ್ದಕ್ಕೆ ಸಮಯ ಕೊಡಬೇಕಾದದ್ದು ಬೇರೆ ಪ್ರತಿಗಳ ಹುಡುಕಾಟಕ್ಕೆ. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಪ್ರೀವಿಯಸ್ ವರ್ಷನ್ಸ್ ನೋಡಿ. ಸಿಸ್ಟಮ್ ಪ್ರೊಟೆಕ್ಷನ್ ಅಥವಾ ಫೈಲ್ ಹಿಸ್ಟರಿ ಮುಂಚೆಯೇ ಚಾಲೂ ಇದ್ದರೆ ಮಾತ್ರ ಅಲ್ಲಿ ಏನಾದರೂ ಇರುತ್ತದೆ. ಸೇವ್ ಮಾಡದೆ ಮುಚ್ಚಿದ ಫೈಲಾದರೆ ವರ್ಡ್‌ನಲ್ಲಿ ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್ ಕ್ರಮದಲ್ಲಿ ಹೋಗಿ ‘ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್’ ಒತ್ತಿ. ವರ್ಡ್ ಬೇರೇನೂ ಹೊಂದಿಸದಿದ್ದರೆ 10 ನಿಮಿಷಕ್ಕೊಮ್ಮೆ ಈ ಪ್ರತಿ ಇಡುತ್ತದೆ. ತೆರೆದು ಐದೇ ನಿಮಿಷದಲ್ಲಿ ಮುಚ್ಚಿದ್ದರೆ ಏನೂ ಇರುವುದಿಲ್ಲ. ಇನ್ನು ಇಮೇಲಿನ ಸೆಂಟ್ ಫೋಲ್ಡರ್, ವಾಟ್ಸಾಪ್‌ನಲ್ಲಿ ಯಾರಿಗಾದರೂ ಕಳಿಸಿದ್ದು, ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಕೊಟ್ಟದ್ದು. ಅಂಗಡಿಯವರ ಡೌನ್‌ಲೋಡ್ಸ್ ಫೋಲ್ಡರ್ ಅನೇಕ ಪ್ರಾಜೆಕ್ಟ್ ರಿಪೋರ್ಟುಗಳನ್ನು ಉಳಿಸಿದೆ.

ಜೆರಾಕ್ಸ್ ಅಂಗಡಿ ಎಂದಾಗ ಪೆನ್‌ಡ್ರೈವ್ ನೆನಪಾಗಬೇಕು. ಹತ್ತಾರು ಜನರ ಪೆನ್‌ಡ್ರೈವ್ ಹಾಕುವ ಕಂಪ್ಯೂಟರಿನಿಂದ ವಾಪಸ್ ಬಂದಾಗ ಒಳಗೆ ಫೈಲುಗಳೇ ಇಲ್ಲ, ಬರಿ ಶಾರ್ಟ್‌ಕಟ್. ಇದು ಅಳಿಸಿದ್ದಲ್ಲ, ವೈರಸ್ ಬಚ್ಚಿಟ್ಟದ್ದು. ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ತುಂಬಿದ ಜಾಗ ಮೊದಲಿನಷ್ಟೇ ತೋರಿಸುತ್ತಿದ್ದರೆ ಫೈಲುಗಳು ಒಳಗೇ ಇವೆ. ಶಾರ್ಟ್‌ಕಟ್ ಒತ್ತಬೇಡಿ, ಒತ್ತಿದರೆ ವೈರಸ್ ಓಡುತ್ತದೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲುಗಳನ್ನು ತೋರಿಸುವಂತೆ ಮಾಡಿ, ಅದರ ಕೆಳಗಿರುವ ‘ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಮರೆಮಾಡುವ ಟಿಕ್ಕನ್ನೂ ತೆಗೆಯಿರಿ. ಈ ಎರಡನೆಯದನ್ನು ಬಿಟ್ಟವರಿಗೆ ಏನೂ ಕಾಣುವುದಿಲ್ಲ. ಕೆಲವು ವೈರಸ್‌ಗಳು ಎಲ್ಲವನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರಿನೊಳಗೆ ತಳ್ಳಿರುತ್ತವೆ. ಕಂಡ ಮೇಲೆ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ, ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ನಿಜವಾಗಿ ಅಳಿಸಿದ್ದಾದರೆ, ಸಾಮಾನ್ಯ ಪೆನ್‌ಡ್ರೈವಿನಲ್ಲಿ ಟ್ರಿಮ್ ಕಾಟ ಅಷ್ಟಾಗಿ ಇಲ್ಲದ್ದರಿಂದ ಸಿಗುವ ಸಾಧ್ಯತೆ ಚೆನ್ನಾಗಿದೆ. ಅನೇಕವು ಫ್ಯಾಟ್32 ವ್ಯವಸ್ಥೆಯಲ್ಲಿರುತ್ತವೆ. ಅಲ್ಲಿ ಅಳಿಸಿದಾಗ, ವ್ಯವಸ್ಥೆ ಪ್ರತಿ ಫೈಲಿಗೂ ಇಟ್ಟುಕೊಳ್ಳುವ ಚಿಕ್ಕ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಬೇರೆ ಗುರುತು ಬೀಳುತ್ತದೆ, ಹಾಗಾಗಿ ಹೆಸರಿನ ತಲೆ ಹಾರಿರಬಹುದು. ತುಂಡುಗಳನ್ನು ಜೋಡಿಸುವ ಸರಪಳಿಯೂ ಅಳಿಯುವುದರಿಂದ ದೊಡ್ಡ ಫೈಲುಗಳು ಕೆಡುತ್ತವೆ, ಒಂದೇ ಕಡೆ ಕೂತ ಚಿಕ್ಕವು ನೆಟ್ಟಗೆ ಬರುತ್ತವೆ.

ಬಂದ ಡಾಕ್ಸ್ ಫೈಲ್ ತೆರೆಯದಿದ್ದರೆ ಎಸೆಯಬೇಡಿ. ಅದು ಒಳಗಿನಿಂದ ಒಂದು ಜಿಪ್ ಕಟ್ಟು. ಮೊದಲು ವರ್ಡ್‌ನ ‘ಓಪನ್ ಆ್ಯಂಡ್ ರಿಪೇರ್’ ನೋಡಿ. ಆಗದಿದ್ದರೆ ಇನ್ನೊಂದು ಪ್ರತಿ ಮಾಡಿ ಅದನ್ನು 7-ಜಿಪ್‌ನಲ್ಲಿ ತೆರೆಯಿರಿ. ‘ವರ್ಡ್’ ಎಂಬ ಫೋಲ್ಡರಿನೊಳಗೆ ‘ಡಾಕ್ಯುಮೆಂಟ್’ ಹೆಸರಿನ ಎಕ್ಸ್‌ಎಂಎಲ್ ಫೈಲ್ ಸಿಕ್ಕರೆ ಚಿತ್ರ, ವಿನ್ಯಾಸ ಹೋದರೂ ಬರಹ ಅದರಲ್ಲಿರುತ್ತದೆ.

ಕನ್ನಡದ ಫೈಲುಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ಕೊಟ್ಟದ್ದು) ಟೈಪ್ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ, ಕೊಂಬು ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸುವ ಮೊದಲು ಆ ಭಾಗವನ್ನು ಆಯ್ದು ನುಡಿ ಫಾಂಟ್ ಹಾಕಿ ನೋಡಿ. ಸಿಕ್ಕ ನೂರಾರು ಫೈಲುಗಳಲ್ಲಿ ನಿಮ್ಮದನ್ನು ಪಠ್ಯದಿಂದ ಹುಡುಕುವಾಗಲೂ ಇದೇ ಸಮಸ್ಯೆ: ಈಗಿನ ಯೂನಿಕೋಡ್ ಸಂಕೇತದಲ್ಲಿ ಟೈಪ್ ಮಾಡಿದ ಕನ್ನಡ ಪದ ಆಸ್ಕಿ ಫೈಲಿನೊಳಗೆ ಸಿಗುವುದಿಲ್ಲ. ಫೈಲಿನಲ್ಲಿ ಇಂಗ್ಲಿಷ್ ಫಾಂಟಿನಲ್ಲೇ ಇದ್ದಿರಬಹುದಾದ ಯಾವುದಾದರೂ ಪದ, ಒಂದು ಇಸವಿ ಅಥವಾ ಫೋನ್ ನಂಬರ್ ಹಾಕಿ ಹುಡುಕಿ.