ಕಾನ್ಸಾಸ್ ಹೆಂಗಸರು ಬರೆದದ್ದನ್ನು ಎಷ್ಟು ನಂಬಬಹುದು?

ಪ್ರಶ್ನೆ: ಅಮೆರಿಕದ ಕಾನ್ಸಾಸ್‌ನಲ್ಲಿ ಗುಲಾಮಗಿರಿ ವಿಚಾರಕ್ಕೆ ನಡೆದ ಹೊಡೆದಾಟದ ಬಗ್ಗೆ ಅಲ್ಲಿಗೆ ವಲಸೆ ಹೋದ ಹೆಂಗಸರೇ ಬರೆದಿದ್ದಾರೆ. ಆದರೆ ಅವರೂ ಒಂದು ಕಡೆಯವರೇ ಅಲ್ವಾ? ನಂಬಬಹುದಾ?

ನಂಬಬಹುದು. ಆದರೆ ಘಟನೆ ನಡೆದಾಗ ಬರೆದಾಕೆ ಎಲ್ಲಿದ್ದಳು ಅಂತ ಮೊದಲು ನೋಡಿ.

1854ರ ಕಾಯ್ದೆ ಒಂದು ಪೇಚು ತಂದಿಟ್ಟಿತು. ಕಾನ್ಸಾಸ್‌ನಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ, ಅಲ್ಲಿ ನೆಲೆಸುವವರೇ ತೀರ್ಮಾನಿಸಲಿ ಎಂದಿತು. ಎರಡೂ ಕಡೆಯವರು ಜನ ಕಳಿಸಲು ಮುಗಿಬಿದ್ದರು. ಗುಲಾಮಗಿರಿ ಇದ್ದ ಪಕ್ಕದ ಮಿಸೌರಿಯಿಂದ ಗಡಿ ದಾಟಿ ಬಂದು ವೋಟು ಹಾಕಿ ಹೋದವರೇ ಸಾವಿರಾರು.

ಗುಲಾಮಗಿರಿ ವಿರೋಧಿಗಳ ಊರು ಲಾರೆನ್ಸ್. ಅಲ್ಲಿದ್ದ ಹ್ಯಾನಾ ರೋಪ್ಸ್ 1855ರಲ್ಲಿ ತಾಯಿಗೆ ಬರೆದ ಪತ್ರಗಳಲ್ಲಿ ಜ್ವರ ಬಿದ್ದ ನೆರೆಹೊರೆಯವರಿದ್ದಾರೆ, ರಾತ್ರಿ ಮೇಜಿನ ಮೇಲೆ ಗುಂಡು ತುಂಬಿಟ್ಟ ಪಿಸ್ತೂಲುಗಳಿವೆ. ಇದು ಕಣ್ಣೆದುರಿನದು. ನಂಬಲು ನನಗೆ ಅಳುಕಿಲ್ಲ.

ಸಾರಾ ರಾಬಿನ್‌ಸನ್ ವಿಷಯ ಬೇರೆ. ಗಂಡ ಚಾರ್ಲ್ಸ್ ಗುಲಾಮಗಿರಿ ವಿರೋಧಿಗಳ ಮುಖಂಡ. 1856ರ ಮೇ 21ರಂದು ಗುಲಾಮಗಿರಿ ಪರದವರಿಂದ ಲಾರೆನ್ಸ್ ಮೇಲೆ ದಾಳಿಯಾಯಿತು. ಹೋಟೆಲಿಗೆ ಬೆಂಕಿ ಬಿತ್ತು, ಅವರ ಮನೆಯೂ ಸುಟ್ಟಿತು. ಆಗ ಚಾರ್ಲ್ಸ್ ಬಂಧನದಲ್ಲಿದ್ದ, ಸಾರಾ ಊರಲ್ಲೇ ಇರಲಿಲ್ಲ. ಅವಳ ಪುಸ್ತಕ ಬಂದದ್ದು ಅದೇ ವರ್ಷ. ಅಧ್ಯಕ್ಷರ ಚುನಾವಣೆಯೂ ಆಗಲೇ, ಪ್ರಚಾರದ ಉದ್ದೇಶವೂ ಇದ್ದಿರಬಹುದು! ಅವಳು ಅಲ್ಲಿರಲಿಲ್ಲವಾದ್ದರಿಂದ ದಾಳಿಯ ವರ್ಣನೆ ಬೇರೆಯವರಿಂದ ಕೇಳಿದ್ದು, ಸಿಟ್ಟು ಮಾತ್ರ ಅವಳದೇ.

ಎದುರು ಕಡೆಯಿಂದ ಮಹಾಲಾ ಡಾಯ್ಲ್ ಪತ್ರ ಓದಲೇಬೇಕು. ಲಾರೆನ್ಸ್ ದಾಳಿಯಾದ ಮೂರೇ ದಿನಕ್ಕೆ, ನಡುರಾತ್ರಿ, ಗುಲಾಮಗಿರಿಯ ಉಗ್ರ ವಿರೋಧಿ ಜಾನ್ ಬ್ರೌನ್‌ನ ತಂಡ ಅವಳ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮನೆಯಿಂದ ಎಳೆದೊಯ್ದು ಕೊಂದಿತು. ಹದಿನಾರರ ಇನ್ನೊಬ್ಬ ಮಗನನ್ನು ಅವಳು ಬೇಡಿಕೊಂಡು ಉಳಿಸಿಕೊಂಡಳು. 1859ರಲ್ಲಿ ಬ್ರೌನ್ ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿ ಸಿಕ್ಕಿಬಿದ್ದು ಗಲ್ಲಿಗೆ ಕಾಯುತ್ತಿದ್ದಾಗ ಅವನಿಗೇ ಪತ್ರ ಹೋಯಿತು: ಆ ದಾಳಿಯಲ್ಲಿ ನೀನೂ ಇಬ್ಬರು ಮಕ್ಕಳನ್ನು ಕಳೆದುಕೊಂಡೆ, ಈಗ ನನ್ನ ಸಂಕಟ ಗೊತ್ತಾಗಿರಬೇಕು; ಗುಲಾಮರನ್ನು ಬಿಡಿಸಲು ಮಾಡಿದೆ ಅನ್ನಬೇಡ, ನಮ್ಮ ಹತ್ತಿರ ಒಬ್ಬರೂ ಇರಲಿಲ್ಲ. ಮೂವರನ್ನೂ ಗುಂಡಿಟ್ಟು ಕೊಂದರು ಎಂದಿದೆ ಪತ್ರ. ನಿಜವಾಗಿ ಮಕ್ಕಳು ಸತ್ತದ್ದು ಕತ್ತಿಯೇಟಿಗೆ. ಅವಳು ನೋಡಿರಲಿಲ್ಲ, ಒಳಗಿಂದ ಕೇಳಿಸಿಕೊಂಡಿದ್ದಳು. ಆ ತಪ್ಪಿನಿಂದ ಪತ್ರದ ಬೆಲೆ ಕಮ್ಮಿಯಾಗುತ್ತದೆ ಅಂತ ನನಗನ್ನಿಸುವುದಿಲ್ಲ.

ಇಷ್ಟಾದರೂ, ಯಾರ ಸಲುವಾಗಿ ಇಷ್ಟೆಲ್ಲ ನಡೆಯಿತೋ ಆ ಗುಲಾಮ ಹೆಂಗಸರು ಆಗ ಬರೆದಿಟ್ಟದ್ದು ಸಿಗುವುದು ತೀರಾ ಅಪರೂಪ. ಪಕ್ಕದ ಮಿಸೌರಿಯಲ್ಲಿ ಕರಿಯರಿಗೆ ಓದು ಬರಹ ಕಲಿಸುವುದನ್ನೇ 1847ರ ಕಾನೂನು ನಿಷೇಧಿಸಿತ್ತು.